ಮತದಾರನನ್ನು ಬೈಯುವುದು ಬಿಡಿ

ಒಂದು ಚುನಾವಣೆ ಮುಗಿದ ಮರುದಿನದಿಂದ ಇನ್ನೊಂದು ಘೋಷಣೆಯಾಗುವ ತನಕ, ಪಕ್ಷಭೇದವಿಲ್ಲದೆ ಎಲ್ಲರೂ ಒಪ್ಪುವ ಮಾತೊಂದು ನಮ್ಮ ಕಡೆ ಇದೆ: ‘ಜನಾನೇ ಸರಿ ಇಲ್ಲ ಬಿಡ್ರಿ.’ ಸೋತವರು ಇದನ್ನು ಹಲ್ಲು ಕಚ್ಚಿ ಹೇಳುತ್ತಾರೆ. ಗೆದ್ದವರು ಖಾಸಗಿಯಲ್ಲಿ ನಗುತ್ತ ಹೇಳುತ್ತಾರೆ. ದಾವಣಗೆರೆಯ ಕಾಲೇಜು ಮೇಷ್ಟ್ರು, ಚನ್ನಗಿರಿಯ ಅಡಿಕೆ ಮಂಡಿಯವರು, ಹೊನ್ನಾಳಿ ಬಸ್‌ಸ್ಟ್ಯಾಂಡಿನ ಪಕ್ಕ ಮಂಡಕ್ಕಿ ಮಿರ್ಚಿ ತಿನ್ನುತ್ತ ನಿಂತವರು, ಪತ್ರಿಕೆಗೆ ವಾಚಕರ ಪತ್ರ ಬರೆಯುವ ನಿವೃತ್ತರು, ಎಲ್ಲರದೂ ಒಂದೇ ತೀರ್ಪು. ರೊಕ್ಕಕ್ಕೆ, ಸೀರೆಗೆ, ಬಾಟಲಿಗೆ ವೋಟು ಮಾರಿಕೊಳ್ಳುವ ಜನಕ್ಕೆ ಇನ್ನೆಂಥ ಶಾಸಕ ಸಿಗುತ್ತಾನೆ? ಜಾತಿ ನೋಡಿ ಬಟನ್ ಒತ್ತುವವರಿಗೆ ಇನ್ನೆಂಥ ಸಂಸದ ಸಿಗುತ್ತಾನೆ? ರಾಜನಂತೆ ಪ್ರಜೆ ಎಂಬ ಹಳೆಯ ಮಾತನ್ನು ತಿರುವಿ ಹಾಕಿ, ಪ್ರಜೆ ಹೇಗೋ ರಾಜನೂ ಹಾಗೆ ಎಂದುಬಿಟ್ಟರೆ ಸಂಸದೀಯ ಪ್ರಜಾಪ್ರಭುತ್ವದ ಎಲ್ಲ ರೋಗಕ್ಕೂ ಕಾರಣ ಸಿಕ್ಕಂತಾಯಿತು, ಚರ್ಚೆಯೂ ಮುಗಿದಂತಾಯಿತು.

ಈ ಮಾತು ಸುಳ್ಳು. ಬರೀ ಸುಳ್ಳಾಗಿದ್ದರೆ ಕೇಳಿಯೂ ಕೇಳಿಸದಂತೆ ಇದ್ದುಬಿಡಬಹುದಿತ್ತು. ಆದರೆ ಇದು ಕೆಲವರಿಗೆ ಬಹಳ ಅನುಕೂಲದ ಸುಳ್ಳು. ಟಿಕೆಟ್ ಹಂಚುವ ಪಕ್ಷಗಳಿಗೆ, ಗೆದ್ದ ಮೇಲೆ ಪಾಳಯ ಬದಲಿಸುವವರಿಗೆ, ನಡೆಸಬೇಕಾದ ಚುನಾವಣೆಯನ್ನು ನಡೆಸದೆ ಕೂರುವ ಸರಕಾರಗಳಿಗೆ, ಎಲ್ಲರಿಗೂ ಈ ಮಾತಿನ ಮರೆಯಲ್ಲಿ ನೆರಳಿದೆ. ಆದ್ದರಿಂದ ಒಮ್ಮೆ ಲೆಕ್ಕ ತೆಗೆದು ನೋಡುವುದು ಒಳ್ಳೆಯದು. ಲೆಕ್ಕಕ್ಕೆ ದೂರ ಹೋಗಬೇಕಿಲ್ಲ. ದಾವಣಗೆರೆ ಜಿಲ್ಲೆಯ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಸಾಕು. ರಾಜಧಾನಿಯ ಟಿವಿ ಸ್ಟುಡಿಯೋಗಳಿಗೆ ಇವು ಅಪರೂಪಕ್ಕೆ ಕಾಣುವ ತಾಲ್ಲೂಕುಗಳು. ಹಾಗಾಗಿಯೇ ಇಲ್ಲಿನ ಲೆಕ್ಕದಲ್ಲಿ ಅಬ್ಬರ ಕಡಿಮೆ, ಸತ್ಯ ಜಾಸ್ತಿ.

ಪಠ್ಯಪುಸ್ತಕ ಮತದಾರನಿಂದ ಏನು ಕೇಳುತ್ತದೆ? ತಪ್ಪದೆ ಬಂದು ಮತ ಹಾಕು, ಕೆಲಸ ಮಾಡದವನನ್ನು ಇಳಿಸು, ಇನ್ನೊಬ್ಬನಿಗೆ ಅವಕಾಶ ಕೊಡು. ಇಷ್ಟೇ ತಾನೆ? ಬೆಂಗಳೂರಿನ ಹೆಚ್ಚುಕಡಿಮೆ ಅರ್ಧ ಮತದಾರರು ಮನೆಯಲ್ಲೇ ಉಳಿಯುವಾಗ, ಈ ತಾಲ್ಲೂಕುಗಳಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ಜನ ಬಿಸಿಲಲ್ಲಿ ಸಾಲು ನಿಂತು ಮತ ಹಾಕುತ್ತಾರೆ. ಇನ್ನು ಇಳಿಸುವ ವಿಚಾರ. ನ್ಯಾಮತಿಗೆ ಸ್ವಂತ ಕ್ಷೇತ್ರವಿಲ್ಲ, ಅದು ಹೊನ್ನಾಳಿ ಕ್ಷೇತ್ರದಲ್ಲೇ ಇದೆ. ಹಾಗಾಗಿ ನಾಲ್ಕು ತಾಲ್ಲೂಕಿಗೆ ಮೂರು ವಿಧಾನಸಭಾ ಕ್ಷೇತ್ರ. 2013ರಲ್ಲಿ ಮೂರಕ್ಕೆ ಮೂರೂ ಕಾಂಗ್ರೆಸ್ಸಿಗೆ ಬಂದವು: ಚನ್ನಗಿರಿಯಲ್ಲಿ ವಡ್ನಾಳ್ ರಾಜಣ್ಣ, ಹೊನ್ನಾಳಿಯಲ್ಲಿ ಡಿ.ಜಿ. ಶಾಂತನಗೌಡ, ಜಗಳೂರಿನಲ್ಲಿ ಎಚ್.ಪಿ. ರಾಜೇಶ್. 2018ರಲ್ಲಿ ಮೂರಕ್ಕೆ ಮೂರೂ ಬಿಜೆಪಿಗೆ: ಮಾಡಾಳ್ ವಿರೂಪಾಕ್ಷಪ್ಪ, ಎಂ.ಪಿ. ರೇಣುಕಾಚಾರ್ಯ, ಎಸ್.ವಿ. ರಾಮಚಂದ್ರ. 2023ರಲ್ಲಿ ಮತ್ತೆ ಮೂರೂ ಕಾಂಗ್ರೆಸ್ಸಿಗೆ: ಶಿವಗಂಗಾ ಬಸವರಾಜ್, ಶಾಂತನಗೌಡ, ಬಿ. ದೇವೇಂದ್ರಪ್ಪ. ಸತತ ಮೂರು ಚುನಾವಣೆಯಲ್ಲಿ, ಮೂರೂ ಕಡೆ, ಆಳಿದವರನ್ನು ಇಳಿಸಿದ್ದಾರೆ. ಇದಕ್ಕಿಂತ ಶಿಸ್ತಿನ ಮತದಾರ ಎಲ್ಲಿ ಸಿಗುತ್ತಾನೆ ತೋರಿಸಿ.

ಚನ್ನಗಿರಿಯವರಂತೂ ಇದರಲ್ಲಿ ಹಳೆಯ ಪಳಗಿದ ಕೈ. ಕಾರಿಗನೂರಿನ ಜೆ.ಎಚ್. ಪಟೇಲರು 1967ರಲ್ಲಿ ಲೋಕಸಭೆಗೆ ಹೋಗಿ ಮೊದಲ ಬಾರಿಗೆ ಅಲ್ಲಿ ಕನ್ನಡದಲ್ಲಿ ಮಾತಾಡಿದವರು. ಮುಂದೆ ಇದೇ ಕ್ಷೇತ್ರದಿಂದ ಗೆದ್ದು ಮುಖ್ಯಮಂತ್ರಿಯಾದವರು. 1997ರ ಆಗಸ್ಟ್ 15ರಂದು ದಾವಣಗೆರೆ ಜಿಲ್ಲೆಯಾದದ್ದು ಅವರ ಕಾಲದಲ್ಲಿ. ಶಿವಮೊಗ್ಗದಲ್ಲಿದ್ದ ಚನ್ನಗಿರಿ, ಹೊನ್ನಾಳಿ ಹೊಸ ಜಿಲ್ಲೆಗೆ ಸೇರಿದ್ದೂ ಆಗಲೇ. ಎರಡು ವರ್ಷ ಕಳೆದು, 1999ರಲ್ಲಿ, ಅದೇ ಮುಖ್ಯಮಂತ್ರಿಯನ್ನು ಚನ್ನಗಿರಿ ಸೋಲಿಸಿತು. ಅದು ಸರಿಯೋ ತಪ್ಪೋ ಎಂಬುದು ಬೇರೆ ಮಾತು (ನನ್ನ ಮಟ್ಟಿಗೆ ಪಟೇಲರಂಥ ಮಾತುಗಾರ ಸದನದಲ್ಲಿ ಇರಬೇಕಿತ್ತು). ಆದರೆ ಮುಖ್ಯಮಂತ್ರಿಯ ಕುರ್ಚಿಗೂ ಬಗ್ಗದ ಜನವನ್ನು ‘ಮಾರಿಕೊಳ್ಳುವ ಜನ’ ಎಂದು ಕರೆಯುವವರು ಸ್ವಲ್ಪ ನಾಚಬೇಕು. ಹೊನ್ನಾಳಿಯದೂ ಅದೇ ಕತೆ. ಕೋವಿಡ್ ಎರಡನೇ ಅಲೆಯಲ್ಲಿ ಶಾಸಕ ರೇಣುಕಾಚಾರ್ಯ ಅರಬಗಟ್ಟೆಯ ಆರೈಕೆ ಕೇಂದ್ರದಲ್ಲೇ ಮಲಗಿದರು, ಸೋಂಕಿತರ ಮುಂದೆ ಕುಣಿದರು, ಇಡೀ ರಾಜ್ಯ ಟಿವಿಯಲ್ಲಿ ನೋಡಿತು. ಜನ ಮೆಚ್ಚಿದರು. ಎರಡು ವರ್ಷದ ನಂತರ ಸೋಲಿಸಿದರು. ಮೆಚ್ಚುವುದು ಬೇರೆ, ಮತ ಬೇರೆ ಎಂದು ತಿಳಿದ ಜನ ಇವರು.

ಹಾಗಾದರೆ ರೊಕ್ಕ ಹಂಚುವುದು ಸುಳ್ಳೇ ಎಂದು ಕೇಳುವವರಿದ್ದಾರೆ. ಸುಳ್ಳಲ್ಲ. ಹಂಚುತ್ತಾರೆ, ಜನ ತೆಗೆದುಕೊಳ್ಳುತ್ತಾರೆ. ಆದರೆ ರೊಕ್ಕ ಹಂಚುವವರು ಒಬ್ಬರೇ ಅಲ್ಲ. ಗೆದ್ದವರೂ ಹಂಚಿರುತ್ತಾರೆ, ಸೋತವರೂ ಹಂಚಿರುತ್ತಾರೆ. ಎರಡೂ ಕಡೆ ತೆಗೆದುಕೊಂಡು ಮತಗಟ್ಟೆಯ ಮರೆಯಲ್ಲಿ ತನಗೆ ತೋಚಿದ್ದನ್ನೇ ಮಾಡುವವನನ್ನು ಮಾರಿಕೊಂಡವನು ಎಂದು ಹೇಗೆ ಹೇಳುತ್ತೀರಿ? ಆಳುವ ಶಾಸಕನ ಕೈಯಲ್ಲಿ ಹಣವೂ ಇರುತ್ತದೆ, ಅಧಿಕಾರವೂ ಇರುತ್ತದೆ. ರೊಕ್ಕವೇ ತೀರ್ಪು ಕೊಡುವುದಾಗಿದ್ದರೆ ಅವನು ಸೋಲಲೇಬಾರದಿತ್ತು. ಹಣ ಮಾಡುವ ನಿಜವಾದ ಅನಾಹುತ ಬೇರೆ ಕಡೆ ಇದೆ. ಯಾರು ಗೆಲ್ಲಬೇಕೆಂದು ಅದು ಅಷ್ಟಾಗಿ ನಿರ್ಧರಿಸುವುದಿಲ್ಲ, ಯಾರು ನಿಲ್ಲಬಹುದೆಂದು ನಿರ್ಧರಿಸುತ್ತದೆ. ವಿಧಾನಸಭಾ ಅಭ್ಯರ್ಥಿಯ ವೆಚ್ಚಕ್ಕೆ 40 ಲಕ್ಷ, ಲೋಕಸಭೆಗೆ 95 ಲಕ್ಷ ಎಂದು ಕಾನೂನಿನಲ್ಲಿ ಮಿತಿ ಇದೆ. ಪಕ್ಷ ಮಾಡುವ ಖರ್ಚಿಗೆ ಮಿತಿಯೇ ಇಲ್ಲ. ಜಗಳೂರಿನ ಶೇಂಗಾ ಬೆಳೆಯುವವನಿಗೆ ಆ ‘ಮಿತಿ’ಯೇ ಜೀವಮಾನದ ಕನಸು. ಮತದಾರನ ಕೈಗೆ ಮತಚೀಟಿ ಬರುವಷ್ಟರಲ್ಲಿ ಮುಖ್ಯ ಚುನಾವಣೆ ಮುಗಿದಿರುತ್ತದೆ. ಅದು ನಡೆಯುವುದು ಬೆಂಗಳೂರಿನಲ್ಲಿ, ದೆಹಲಿಯಲ್ಲಿ, ಟಿಕೆಟ್ ಹಂಚುವ ಕೋಣೆಯಲ್ಲಿ. ಅಲ್ಲಿ ಇವನಿಗೆ ಪ್ರವೇಶವಿಲ್ಲ.

ದಾವಣಗೆರೆ ಲೋಕಸಭಾ ಕ್ಷೇತ್ರವನ್ನೇ ನೋಡಿ. 1996ರಿಂದ 2024ರ ತನಕ ಎಂಟು ಚುನಾವಣೆ ನಡೆದಿವೆ. ಗೆದ್ದವರೆಲ್ಲ ಎರಡೇ ಮನೆಯವರು. 1996ರಲ್ಲಿ ಜಿ. ಮಲ್ಲಿಕಾರ್ಜುನಪ್ಪ, 1998ರಲ್ಲಿ ಶಾಮನೂರು ಶಿವಶಂಕರಪ್ಪ, 1999ರಲ್ಲಿ ಮತ್ತೆ ಮಲ್ಲಿಕಾರ್ಜುನಪ್ಪ. ಆಮೇಲೆ ಅವರ ಮಗ ಜಿ.ಎಂ. ಸಿದ್ದೇಶ್ವರ ಸತತ ನಾಲ್ಕು ಬಾರಿ. 2024ರಲ್ಲಿ ಸ್ಪರ್ಧೆ ಇದ್ದದ್ದು ಶಾಮನೂರರ ಸೊಸೆ ಪ್ರಭಾ ಮಲ್ಲಿಕಾರ್ಜುನ್ ಮತ್ತು ಸಿದ್ದೇಶ್ವರರ ಪತ್ನಿ ಗಾಯಿತ್ರಿ ಅವರ ನಡುವೆ. ಪ್ರಭಾ ಅವರು 26 ಸಾವಿರ ಚಿಲ್ಲರೆ ಮತಗಳಿಂದ ಗೆದ್ದರು. ಆ ಅಂತರಕ್ಕಿಂತಲೂ ಹೆಚ್ಚು, 40 ಸಾವಿರ ದಾಟಿದ ಮತಗಳನ್ನು ಪಕ್ಷೇತರ ಜಿ.ಬಿ. ವಿನಯ್ ಕುಮಾರ್ ಪಡೆದರು. ಪಕ್ಷವಿಲ್ಲದ ಒಬ್ಬನಿಗೆ ಅಷ್ಟು ಜನ ಮತ ಹಾಕಿದರೆಂದರೆ ಅದರಲ್ಲೊಂದು ಮಾತಿದೆ. ಈ ಎರಡು ಮನೆ ಬಿಟ್ಟು ಬೇರೆ ಯಾವುದಾದರೂ ಮನೆ ಇದೆಯೇ ಎಂದು ಆ ಮತದಾರರು ಕೇಳಿದ್ದಾರೆ. ಎಣಿಕೆಯ ನಿಯಮದಲ್ಲಿ ಆ ಪ್ರಶ್ನೆಗೆ ಬೆಲೆ ಸೊನ್ನೆ. ಮರುದಿನ ವಿಶ್ಲೇಷಕರು ಬರೆಯುವುದು ಏನು? ‘ಕುಟುಂಬ ರಾಜಕಾರಣಕ್ಕೆ ಮತದಾರನ ಮುದ್ರೆ’. ಎರಡು ಬಾಗಿಲು ಮಾತ್ರ ತೆರೆದಿಟ್ಟು, ಒಳಗೆ ಬಂದವನಿಗೆ ಈ ಬಾಗಿಲೇ ಇಷ್ಟವಾಯಿತು ಎನ್ನುವ ಜಾಣತನ ಇದು.

ಈಗ ಎಣಿಕೆಯ ವಿಚಾರಕ್ಕೆ ಬರೋಣ, ಏಕೆಂದರೆ ಅಸಲಿ ಮೋಸ ಅಲ್ಲಿದೆ. 2023ರ ಜಗಳೂರು ಫಲಿತಾಂಶವನ್ನು ರಾಜ್ಯದ ಎಲ್ಲ ರಾಜ್ಯಶಾಸ್ತ್ರ ತರಗತಿಗಳಲ್ಲೂ ಹಲಗೆಯ ಮೇಲೆ ಬರೆಸಬೇಕು. ಕಾಂಗ್ರೆಸ್ಸಿನ ದೇವೇಂದ್ರಪ್ಪ: 50,765. ಬಿಜೆಪಿಯ ರಾಮಚಂದ್ರ: 49,891. ಟಿಕೆಟ್ ಸಿಗದೆ ಪಕ್ಷೇತರರಾಗಿ ನಿಂತ ಮಾಜಿ ಶಾಸಕ ರಾಜೇಶ್: 49,442. ಗೆಲುವಿನ ಅಂತರ 874. ಮೊದಲನೆಯವರಿಗೂ ಮೂರನೆಯವರಿಗೂ ನಡುವೆ 1,323. ಅಂದರೆ ಕ್ಷೇತ್ರ ಸರಿಸುಮಾರು ಮೂರು ಸಮಭಾಗವಾಗಿ ಒಡೆದಿತ್ತು. ಒಂದು ಭಾಗಕ್ಕೆ ಐದು ವರ್ಷದ ಪೂರ್ತಿ ಅಧಿಕಾರ. ಉಳಿದೆರಡು ಭಾಗಕ್ಕೆ, ಅಂದರೆ ಲಕ್ಷಕ್ಕೆ ಹತ್ತಿರದ ಮತಗಳಿಗೆ, ಏನೂ ಇಲ್ಲ. ದೇವೇಂದ್ರಪ್ಪನವರ ಬಗ್ಗೆ ನನ್ನದೇನೂ ತಕರಾರಿಲ್ಲ. ಶಾಲೆಯೊಂದರಲ್ಲಿ ಜವಾನರಾಗಿದ್ದವರು ಶಾಸಕರಾದದ್ದು, ಗೆದ್ದ ಮೇಲೆ ಅದೇ ಶಾಲೆಗೆ ಹೋಗಿ ಕಸ ಗುಡಿಸಿದ್ದು ನಿಜಕ್ಕೂ ಸಂತೋಷದ ಸಂಗತಿ. ತಕರಾರು ಇರುವುದು ಮರುದಿನದ ಶೀರ್ಷಿಕೆಗಳ ಬಗ್ಗೆ. ಜಗಳೂರು ಕಾಂಗ್ರೆಸ್ಸಿಗೆ ಒಲಿದಿದೆ, ಬಿಜೆಪಿಗೆ ಪಾಠ ಕಲಿಸಿದೆ ಎಂದು ಬರೆದದ್ದನ್ನು ನಂಬಿದರೆ ಮೂರರಲ್ಲಿ ಎರಡು ಪಾಲು ಜನ ಹೇಳಿದ್ದನ್ನು ಅಳಿಸಿಹಾಕಿದಂತೆ. ಆ ಮೂವರಲ್ಲಿ ಹೆಚ್ಚು ಜನರಿಗೆ ಒಪ್ಪಿಗೆಯಾಗುವವರು ಯಾರು ಎಂದು ಜಗಳೂರಿನ ಮತದಾರನನ್ನು ಯಾರೂ ಕೇಳಲೇ ಇಲ್ಲ. ಎರಡನೆಯ ಆಯ್ಕೆ ಬರೆಯಲು ಜಾಗವಿದ್ದಿದ್ದರೆ ಇದೇ ಫಲಿತಾಂಶ ಬರುತ್ತಿತ್ತೋ, ಬೇರೆ ಬರುತ್ತಿತ್ತೋ ಹೇಳಬಲ್ಲವರಿಲ್ಲ. ಕೆಟ್ಟ ತಕ್ಕಡಿಯ ಮುಂದೆ ಮೆಕ್ಕೆಜೋಳ ತಂದ ರೈತನನ್ನು ನಿಲ್ಲಿಸಿ, ನಿನ್ನ ಕಾಳೇ ಸರಿಯಿಲ್ಲ ಎಂದು ಬೈದಂತಾಯಿತು ಇದು.

ಇದು ಜಗಳೂರಿನ ಒಂದು ಆಕಸ್ಮಿಕ ಎನ್ನುವಿರಾದರೆ ರಾಜ್ಯದ ಲೆಕ್ಕ ನೋಡಿ. 2008ರಲ್ಲಿ ಕಾಂಗ್ರೆಸ್ಸಿಗೆ ಬಿಜೆಪಿಗಿಂತ ತುಸು ಹೆಚ್ಚು ಮತ. ಸ್ಥಾನ ಮಾತ್ರ ಕಾಂಗ್ರೆಸ್ಸಿಗೆ 80, ಬಿಜೆಪಿಗೆ 110. 2018ರಲ್ಲೂ ಹಾಗೆಯೇ: ಕಾಂಗ್ರೆಸ್ಸಿಗೆ ಶೇ 38, ಬಿಜೆಪಿಗೆ ಶೇ 36, ಆದರೆ ಅತಿ ದೊಡ್ಡ ಪಕ್ಷವಾಗಿ ಬಂದದ್ದು 104 ಸ್ಥಾನಗಳ ಬಿಜೆಪಿ. ಐದು ವರ್ಷ ಕಳೆದು 2023ರಲ್ಲಿ ಬಿಜೆಪಿಗೆ ಬಂದದ್ದು ಮತ್ತೆ ಶೇ 36. ಸ್ಥಾನ 104ರಿಂದ 66ಕ್ಕೆ ಕುಸಿಯಿತು. ಮತದ ಪ್ರಮಾಣ ಇದ್ದಲ್ಲೇ ಇದೆ, ಸ್ಥಾನ ಮೂರನೇ ಒಂದು ಪಾಲು ಹೋಗಿದೆ. ಬಿಜೆಪಿಯನ್ನು ಮತದಾರ ತಿರಸ್ಕರಿಸಿದ ಎಂದು ಒಂದು ತಿಂಗಳು ಚರ್ಚೆ ನಡೆಯಿತಲ್ಲ, ಆ ತಿರಸ್ಕಾರ ಯಾವ ಪೆಟ್ಟಿಗೆಯಲ್ಲಿತ್ತು? ಚನ್ನಗಿರಿಯಲ್ಲಿ ಆ ಸಲ ಬಿಜೆಪಿ ಟಿಕೆಟ್ ಸಿಗದ ಮಾಡಾಳ್ ಮಲ್ಲಿಕಾರ್ಜುನ್ ಪಕ್ಷೇತರರಾಗಿ ನಿಂತು ಎರಡನೆಯವರಾದರು, ಬಿಜೆಪಿ ಮೂರಕ್ಕೆ ಇಳಿಯಿತು. ಅಲ್ಲೂ ಕಾಂಗ್ರೆಸ್ಸಿನ ಎದುರಿನ ಮತ ಎರಡು ಪಾಲಾಗಿತ್ತು. ನಮ್ಮ ವ್ಯವಸ್ಥೆಯಲ್ಲಿ ಗೆಲ್ಲಲು ಜನ ಬೇಕಿಲ್ಲ, ಎದುರಾಳಿ ಒಡೆದರೆ ಸಾಕು. ಇದನ್ನು ಪಕ್ಷಗಳು ನಮಗಿಂತ ಚೆನ್ನಾಗಿ ಬಲ್ಲವು. ಬಂಡಾಯ ಅಭ್ಯರ್ಥಿಗಳಿಗೆ ಎದುರು ಪಾಳಯದವರೇ ಖರ್ಚಿಗೆ ಕೊಡುತ್ತಾರೆ ಎಂಬ ಗುಸುಗುಸು ಪ್ರತಿ ಚುನಾವಣೆಯಲ್ಲೂ ಕೇಳಿಬರುವುದು ಸುಮ್ಮನೆ ಅಲ್ಲ.

ಸರಿ, ಹೇಗೋ ಗೆದ್ದ. ಗೆದ್ದ ಮೇಲಾದರೂ ಅವನು ಕ್ಷೇತ್ರದ ಬಾಯಿಯೇ? 2008ರಲ್ಲಿ ಜಗಳೂರಿನವರು ರಾಮಚಂದ್ರರನ್ನು ಕಾಂಗ್ರೆಸ್ಸಿನಿಂದ ಆರಿಸಿದರು. ಅವರು ರಾಜೀನಾಮೆ ಕೊಟ್ಟು, 2011ರ ಏಪ್ರಿಲ್ ಉಪಚುನಾವಣೆಯಲ್ಲಿ ಬಿಜೆಪಿಯಿಂದ ಮತ್ತೆ ಗೆದ್ದರು. ‘ಆಪರೇಷನ್ ಕಮಲ’ ಎಂಬ ಹೊಸ ಶಬ್ದವೇ ಕನ್ನಡಕ್ಕೆ ಬಂದ ಕಾಲ ಅದು. ಅದಕ್ಕೂ ಮುಂಚೆ, 2010ರ ಅಕ್ಟೋಬರಿನಲ್ಲಿ, ಯಡಿಯೂರಪ್ಪ ಸರಕಾರದ ವಿರುದ್ಧ ಬಂಡೆದ್ದು ಹೊರರಾಜ್ಯದ ರೆಸಾರ್ಟ್ ಸೇರಿದ ಶಾಸಕರ ಮುಂಚೂಣಿಯಲ್ಲಿ ಹೊನ್ನಾಳಿಯ ಶಾಸಕ ರೇಣುಕಾಚಾರ್ಯ ಇದ್ದರು; ಕೆಲವೇ ದಿನಗಳಲ್ಲಿ ಮುಖ್ಯಮಂತ್ರಿಯ ಪಾಳಯಕ್ಕೆ ಮರಳಿದರು. ಹೋಗುವಾಗ ಹೊನ್ನಾಳಿಯನ್ನು ಕೇಳಿರಲಿಲ್ಲ, ಬರುವಾಗಲೂ ಕೇಳಲಿಲ್ಲ. ಇಲ್ಲೂ ಬೈಗುಳ ಮತದಾರನಿಗೇ: ‘ಪಕ್ಷ ಬಿಟ್ಟವನನ್ನೇ ಮತ್ತೆ ಗೆಲ್ಲಿಸಿದರಲ್ಲ!’ ಸ್ವಾಮಿ, ಬರದ ನಾಡಿನ ಜಗಳೂರಿನವನ ಜಾಗದಲ್ಲಿ ನಿಂತು ನೋಡಿ. ಅನುದಾನ ಹರಿಯುವುದು ಆಳುವ ಪಕ್ಷದ ಶಾಸಕನ ಕ್ಷೇತ್ರಕ್ಕೆ ಎಂದು ಇಡೀ ಆಡಳಿತ ಅವನಿಗೆ ಪಾಠ ಹೇಳಿಕೊಟ್ಟಿದೆ. ಉಪಚುನಾವಣೆಯಲ್ಲಿ ಅವನ ಮುಂದಿದ್ದ ಆಯ್ಕೆ, ಸಿದ್ಧಾಂತಕ್ಕೆ ಮತ ಹಾಕಿ ಎರಡು ವರ್ಷ ಒಣಗುವುದು ಅಥವಾ ಸರಕಾರದ ಕಡೆಯವನಿಗೆ ಹಾಕಿ ಒಂದು ಕೊಳವೆಬಾವಿಯನ್ನಾದರೂ ಕಾಣುವುದು. ಅವನು ಬುದ್ಧಿವಂತಿಕೆಯಿಂದಲೇ ಮತ ಹಾಕಿದ. ಅಂಥ ಆಯ್ಕೆಯನ್ನು ಅವನ ಮುಂದೆ ಇಟ್ಟವರು ಯಾರು ಎಂದು ಕೇಳುವುದನ್ನು ಬಿಟ್ಟು ಅವನ ನೈತಿಕತೆ ಅಳೆಯುತ್ತಿದ್ದೇವೆ.

ಇನ್ನು ಪಕ್ಷ ಬಿಡದೆ ನಿಯತ್ತಾಗಿ ಕೂತ ಶಾಸಕ, ಸಂಸದರ ಪಾಡು. 1985ರ ಪಕ್ಷಾಂತರ ನಿಷೇಧ ಕಾನೂನು ಬಂದದ್ದು ಪಕ್ಷಾಂತರ ತಡೆಯಲು. ಗುಂಪಾಗಿ ಹೋಗುವವರಿಗೆ, ರಾಜೀನಾಮೆ ಕೊಟ್ಟು ಹೋಗುವವರಿಗೆ ಅದರಲ್ಲಿ ದಾರಿ ಸಿಕ್ಕಿತು. 2019ರಲ್ಲಿ 17 ಶಾಸಕರು ಅನರ್ಹರಾಗಿಯೂ, ಅವರಲ್ಲಿ ಬಹುತೇಕರು ಉಪಚುನಾವಣೆಯಲ್ಲಿ ಗೆದ್ದು ಮಂತ್ರಿಗಳಾದದ್ದನ್ನು ಕಂಡೆವು. ಆ ಕಾನೂನು ನಿಜವಾಗಿ ಕಟ್ಟಿಹಾಕಿದ್ದು ಪಕ್ಷದಲ್ಲಿದ್ದುಕೊಂಡೇ ತನ್ನ ಕ್ಷೇತ್ರದ ಪರ ಕೈ ಎತ್ತಬಯಸುವವನನ್ನು. ಪಕ್ಷದ ವಿಪ್ ಮೀರಿ ಮತ ಹಾಕಿದರೆ ಸದಸ್ಯತ್ವಕ್ಕೇ ಕುತ್ತು. 2020ರಲ್ಲಿ ಕೃಷಿಕರಲ್ಲದವರೂ ಕೃಷಿ ಭೂಮಿ ಕೊಳ್ಳಬಹುದೆಂದು ಭೂಸುಧಾರಣಾ ಕಾಯ್ದೆಯನ್ನು ಮೊದಲು ಸುಗ್ರೀವಾಜ್ಞೆಯಲ್ಲಿ ಬದಲಿಸಿದರು. ರೈತ ಸಂಘಗಳು ಬೀದಿಗಿಳಿದವು. ಆಗ ಈ ಮೂರೂ ಕ್ಷೇತ್ರಗಳ ಶಾಸಕರು ಆಳುವ ಪಕ್ಷದವರು, ಮೂರೂ ಹೊಲಗದ್ದೆಗಳ ಕ್ಷೇತ್ರಗಳು. ಸದನದಲ್ಲಿ ಆಳುವ ಪಕ್ಷದ ಸಾಲು ಅಲುಗಲಿಲ್ಲ. ಅಲುಗಲು ಕಾನೂನೇ ಬಿಡುವುದಿಲ್ಲ. ವಿಶ್ವಾಸಮತದಂಥ ಸಂದರ್ಭಕ್ಕಷ್ಟೇ ಈ ಕಟ್ಟು ಇರಲಿ ಎಂದು ದಿನೇಶ್ ಗೋಸ್ವಾಮಿ ಸಮಿತಿ 1990ರಲ್ಲೇ ಹೇಳಿತ್ತು. ಯಾವ ಪಕ್ಷಕ್ಕೂ ಅದು ರುಚಿಸಲಿಲ್ಲ.

ನೀರಿನ ವಿಚಾರದಲ್ಲಂತೂ ಒಬ್ಬ ಸಂಸದ ಯಾರ ಪ್ರತಿನಿಧಿ ಎಂಬುದೇ ಗೊಂದಲ. ಒಂದೇ ಲೋಕಸಭಾ ಕ್ಷೇತ್ರದಲ್ಲಿ ಭದ್ರಾ ನಾಲೆಯ ನೀರುಂಡ ಚನ್ನಗಿರಿ, ಹೊನ್ನಾಳಿ ಕಡೆಯ ಅಡಿಕೆ, ಭತ್ತ ಇದೆ. ಮಳೆಯನ್ನೇ ನಂಬಿದ ಜಗಳೂರಿನ ಶೇಂಗಾ, ಮೆಕ್ಕೆಜೋಳವೂ ಇದೆ. ಜಗಳೂರಿಗೆ ಭದ್ರಾ ಮೇಲ್ದಂಡೆ ಯೋಜನೆಯ ನೀರು ಬೇಕು. ಅಚ್ಚುಕಟ್ಟಿನ ಕೊನೆಯ ರೈತನಿಗೆ ಭದ್ರೆಯ ಒಂದು ಹನಿ ಆಚೆ ಹೋದರೂ ಎದೆ ಒಡೆಯುತ್ತದೆ. 2025ರ ಜೂನ್‌ನಲ್ಲಿ ಬಲದಂಡೆ ನಾಲೆಯ ಕಾಮಗಾರಿ ವಿರುದ್ಧ ದಾವಣಗೆರೆ ಕಡೆಯ ರೈತರು ಬೀದಿಗಿಳಿದದ್ದು ಅದಕ್ಕೇ. ಇಬ್ಬರದೂ ನ್ಯಾಯವೇ. ಇಬ್ಬರ ಮಾತೂ ಸದನದಲ್ಲಿ ಎದುರುಬದುರು ನಿಂತು ಕೇಳಿಸಬೇಕು, ಆಗ ಒಂದು ತೀರ್ಮಾನಕ್ಕೆ ಬರಬಹುದು. ಒಬ್ಬನೇ ಪ್ರತಿನಿಧಿ ಎರಡು ಕಡೆ ಎರಡು ಮಾತು ಹೇಳುತ್ತಾನೆ, ಇಲ್ಲವೇ ಸುಮ್ಮನಿರುತ್ತಾನೆ. 2023ರ ಫೆಬ್ರವರಿಯ ಕೇಂದ್ರ ಬಜೆಟ್ಟಿನಲ್ಲಿ ಮೇಲ್ದಂಡೆಗೆ 5,300 ಕೋಟಿ ಘೋಷಣೆಯಾಯಿತು, ಮೂರು ತಿಂಗಳಿಗೆ ವಿಧಾನಸಭೆ ಚುನಾವಣೆ ಬಂತು. ಆ ಹಣ ಕೈಗೆ ಬರಲಿಲ್ಲವೆಂದು ರಾಜ್ಯ ಸರಕಾರ ಆಮೇಲೆ ವರ್ಷಗಟ್ಟಲೆ ದೂರಿತು. ಕೇಂದ್ರದಲ್ಲಿ ಆಳುವ ಪಕ್ಷದ ಸಂಸದ ಎದ್ದು ನಿಂತು ಜಗಳೂರಿನ ಪಾಲೆಲ್ಲಿ ಎಂದು ಸ್ವಂತ ಸರಕಾರದ ವಿರುದ್ಧ ಮತ ಹಾಕುವ ವ್ಯವಸ್ಥೆ ನಮ್ಮಲ್ಲಿಲ್ಲ.

ಹಾಗಾದರೆ ಇಲ್ಲಿನ ಜನರ ಮಾತನ್ನು ಸರಕಾರಕ್ಕೆ ಮುಟ್ಟಿಸುವವರು ಯಾರು? ಮಠಗಳು. ಹರಿಹರ ತಾಲ್ಲೂಕಿನ ದೀಟೂರಿನ ಬಳಿ ತುಂಗಭದ್ರೆಯಿಂದ ನೀರೆತ್ತಿ ಜಗಳೂರು ಭಾಗದ 57 ಕೆರೆ ತುಂಬಿಸುವ ಯೋಜನೆಗೆ ಬೆನ್ನು ಬಿದ್ದವರು ಸಿರಿಗೆರೆಯ ಸ್ವಾಮೀಜಿ. ಪರಿಶಿಷ್ಟ ಪಂಗಡದ ಮೀಸಲಾತಿ ಹೆಚ್ಚಿಸಿ ಎಂದು 2022ರಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ 200 ದಿನಕ್ಕೂ ಮಿಕ್ಕಿ ಧರಣಿ ಕೂತವರು ರಾಜನಹಳ್ಳಿ ವಾಲ್ಮೀಕಿ ಗುರುಪೀಠದ ಪ್ರಸನ್ನಾನಂದ ಸ್ವಾಮೀಜಿ. ಆ ವರ್ಷದ ಅಕ್ಟೋಬರಿನಲ್ಲಿ ಸರಕಾರ ಶೇ 3ನ್ನು ಶೇ 7 ಮಾಡಿತು. ವಿಧಾನಸಭೆಯಲ್ಲಿ ಪರಿಶಿಷ್ಟ ಪಂಗಡಕ್ಕೆಂದೇ 15 ಮೀಸಲು ಸ್ಥಾನಗಳಿವೆ; 2008ರಿಂದ ಜಗಳೂರು ಅವುಗಳಲ್ಲೊಂದು. ಆ ಹದಿನೈದು ಕುರ್ಚಿಗಳ ಮೇಲೆ ಕೂತವರು ಒಟ್ಟಾಗಿ ಮಾಡಿಸಬೇಕಾದದ್ದಕ್ಕೆ ಒಬ್ಬ ಸ್ವಾಮೀಜಿ ಮಳೆ ಬಿಸಿಲಲ್ಲಿ ಕೂರಬೇಕಾಯಿತು. ಸ್ವಾಮೀಜಿಗಳ ಕೆಲಸಕ್ಕೆ ಕೈ ಮುಗಿಯೋಣ. ಆದರೆ ಅವರನ್ನು ನಾವು ಆರಿಸಿಲ್ಲ, ಇಳಿಸಲೂ ಆಗುವುದಿಲ್ಲ. ಪೀಠವಿಲ್ಲದ ಜಾತಿಯವನು, ಮಠದ ಮೆಟ್ಟಿಲು ಹತ್ತಲಾಗದವನು ಯಾರ ಬಳಿ ಹೋಗಬೇಕು? ಜಾತಿ ನೋಡಿ ಮತ ಹಾಕುತ್ತಾರೆ ಎಂದು ಜನರನ್ನು ಬೈಯುವವರು ಇಷ್ಟು ಯೋಚಿಸಲಿ: ಶಾಸಕ ಪಕ್ಷದ ಪಾಲಾದಾಗ ಜನಕ್ಕೆ ಉಳಿಯುವುದು ಜಾತಿಯೊಂದೇ.

ನ್ಯಾಮತಿಯ ಕತೆಯನ್ನು ಕೊನೆಗೆ ಉಳಿಸಿಕೊಂಡೆ, ಏಕೆಂದರೆ ಅಲ್ಲಿ ಮತದಾರನನ್ನು ಬೈಯಲು ನೆಪವೂ ಸಿಗುವುದಿಲ್ಲ. ಹೊನ್ನಾಳಿಯಿಂದ ಬೇರೆಯಾಗಿ ತಾಲ್ಲೂಕಾಗಬೇಕೆಂಬ ಅಲ್ಲಿನವರ ಬೇಡಿಕೆ 2018ರಲ್ಲಿ ಕೈಗೂಡಿತು. ತಹಶೀಲ್ದಾರರು ಬಂದರು, ಬೋರ್ಡು ಬಂತು. ತಾಲ್ಲೂಕು ಎಂದರೆ ತಹಶೀಲ್ದಾರರ ಕಚೇರಿ ಮಾತ್ರವೇ? ರಾಜ್ಯದಲ್ಲಿ ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳಿಗೆ ಚುನಾವಣೆ ನಡೆದದ್ದು 2016ರ ಫೆಬ್ರವರಿಯಲ್ಲಿ. ಅವಧಿ 2021ಕ್ಕೆ ಮುಗಿಯಿತು. ಅವಧಿ ಮುಗಿಯುವುದರೊಳಗೆ ಚುನಾವಣೆ ನಡೆಸಲೇಬೇಕೆಂದು ಸಂವಿಧಾನ ಹೇಳುತ್ತದೆ. ಕ್ಷೇತ್ರ ವಿಂಗಡಣೆಯ ಅಧಿಕಾರವನ್ನು ರಾಜ್ಯ ಚುನಾವಣಾ ಆಯೋಗದಿಂದ ಕಿತ್ತು ಬೇರೆ ಆಯೋಗಕ್ಕೆ ಕೊಟ್ಟರು. ಬಿಜೆಪಿ ಸರಕಾರ ಮುಂದೂಡಿತು, ಕಾಂಗ್ರೆಸ್ ಸರಕಾರವೂ ಮುಂದೂಡಿತು. 2022, 2023, 2024, 2025 ಕಳೆದವು. ತನ್ನದೇ ತಾಲ್ಲೂಕು ಪಂಚಾಯಿತಿಗೆ ಸದಸ್ಯನನ್ನು ಆರಿಸಲು ನ್ಯಾಮತಿಯವನಿಗೆ ಆ ವರ್ಷಗಳಲ್ಲಿ ಒಂದು ಸಲವೂ ಮತಗಟ್ಟೆ ತೆರೆಯಲಿಲ್ಲ. ಸುರಗೊಂಡನಕೊಪ್ಪದ ತಾಂಡಾದವರು ನೀರಿಗೆ, ರಸ್ತೆಗೆ ಶಾಸಕರ ಮನೆ ಬಾಗಿಲಿಗೇ ಹೋಗಬೇಕಾಯಿತು. ಇದೇ ರಾಜ್ಯ 1987ರಲ್ಲಿ, ಆಗಿನ ಪಂಚಾಯತ್ ರಾಜ್ ಸಚಿವ ನಜೀರ್ ಸಾಬರ ಕಾಲದಲ್ಲಿ, ಜಿಲ್ಲಾ ಪರಿಷತ್ತು, ಮಂಡಲ ಪಂಚಾಯಿತಿಗಳಿಗೆ ಚುನಾವಣೆ ನಡೆಸಿ, ಹೆಂಗಸರಿಗೆ ಶೇ 25 ಸ್ಥಾನ ಕೊಟ್ಟು, ಪರಿಷತ್ತಿನ ಅಧ್ಯಕ್ಷರಿಗೆ ರಾಜ್ಯ ಸಚಿವರ ದರ್ಜೆ ಕೊಟ್ಟು ದೇಶಕ್ಕೆ ದಾರಿ ತೋರಿಸಿತ್ತು. ಶಾಸಕರಿಗೆ ಎದುರು ಕುರ್ಚಿ ಬೇಡವಾಯಿತು, ಅದಕ್ಕೇ ಚುನಾವಣೆ ಬೇಡವಾಯಿತು ಎಂಬುದನ್ನು ಹಳ್ಳಿಯವರೂ ಬಲ್ಲರು.

ಮತ ಎಣಿಸುವ ಪದ್ಧತಿ ಬದಲಿಸುವ ಮಾತೆತ್ತಿದರೆ ಎರಡು ಅಡ್ಡಗೋಡೆ ಎದುರಾಗುತ್ತವೆ. ಒಂದು, ನಮ್ಮ ಜನಕ್ಕೆ ಅಷ್ಟೆಲ್ಲ ತಿಳಿಯುವುದಿಲ್ಲ. 1949ರ ಜನವರಿಯಲ್ಲಿ ಸಂವಿಧಾನ ರಚನಾ ಸಭೆಯಲ್ಲಿ ಕಾಜಿ ಸೈಯದ್ ಕರೀಮುದ್ದೀನ್ ಪ್ರಮಾಣಾನುಗುಣ ಪ್ರಾತಿನಿಧ್ಯದ ತಿದ್ದುಪಡಿ ತಂದಾಗ ಅಂಬೇಡ್ಕರರು ಅದನ್ನು ಒಪ್ಪದಿದ್ದುದಕ್ಕೆ ಕೊಟ್ಟ ಕಾರಣಗಳಲ್ಲಿ ಜನರ ಅನಕ್ಷರತೆಯೂ ಒಂದು. ಆಗ ಅದು ನಿಜವಿತ್ತು. 2011ರ ಜನಗಣತಿಯಲ್ಲೇ ದಾವಣಗೆರೆ ಜಿಲ್ಲೆಯ ಸಾಕ್ಷರತೆ ಶೇ 75 ದಾಟಿದೆ. ಅದೂ ಹೋಗಲಿ. ವಿಧಾನ ಪರಿಷತ್ತಿನ ಶಿಕ್ಷಕರ, ಪದವೀಧರರ ಕ್ಷೇತ್ರಗಳಲ್ಲಿ ಮತದಾರರು 1, 2, 3 ಎಂದು ಪ್ರಾಶಸ್ತ್ಯದ ಮತ ಬರೆಯುತ್ತಾರೆ. ಹೊನ್ನಾಳಿ, ನ್ಯಾಮತಿ, ಚನ್ನಗಿರಿಯ ಮೇಷ್ಟ್ರುಗಳು ನೈರುತ್ಯ ಕ್ಷೇತ್ರಕ್ಕೆ, ಜಗಳೂರಿನವರು ಆಗ್ನೇಯ ಕ್ಷೇತ್ರಕ್ಕೆ ಹೀಗೇ ಮತ ಹಾಕುತ್ತಾರೆ. ರಾಜ್ಯಸಭೆಗೆ ನಮ್ಮ ಶಾಸಕರೂ ಹೀಗೇ ಹಾಕುತ್ತಾರೆ. ತಮಗೆ ನ್ಯಾಯವಾದ ಎಣಿಕೆ ಇಟ್ಟುಕೊಂಡವರು, ರೈತನಿಗೆ ಮಾತ್ರ ಒಂದೇ ಬಟನ್ ಸಾಕು ಎನ್ನುತ್ತಾರೆ. ನೇಪಾಳದ ಗುಡ್ಡಗಾಡಿನ ಹಳ್ಳಿಯವರು ಅಭ್ಯರ್ಥಿಗೊಂದು, ಪಕ್ಷಕ್ಕೊಂದು ಎಂದು ಎರಡು ಮತಪತ್ರಗಳಲ್ಲಿ ಮುದ್ರೆ ಒತ್ತಬಲ್ಲರು; 275 ಸ್ಥಾನಗಳಲ್ಲಿ 110 ಪಕ್ಷಗಳ ಮತದ ಪ್ರಮಾಣಕ್ಕೆ ತಕ್ಕಂತೆ ಹಂಚಿಕೆಯಾಗುತ್ತವೆ. ನ್ಯಾಮತಿಯ ಹೆಣ್ಣುಮಗಳಿಗೆ ಅದು ತಿಳಿಯದೇ?

ಎರಡನೆಯ ಅಡ್ಡಗೋಡೆ ಸ್ಥಿರತೆಯದು. ಈಗಿನ ಪದ್ಧತಿ ಸ್ಥಿರ ಸರಕಾರ ಕೊಡುತ್ತದಂತೆ! 2008ರಿಂದ 2013ರ ತನಕ ಒಂದೇ ಪಕ್ಷದ ಸರಕಾರ, ಮೂವರು ಮುಖ್ಯಮಂತ್ರಿಗಳು. 2018ರಿಂದ 2023ರೊಳಗೆ ಯಡಿಯೂರಪ್ಪ ಮೂರು ದಿನ, ಕುಮಾರಸ್ವಾಮಿ, ಮತ್ತೆ ಯಡಿಯೂರಪ್ಪ, ಆಮೇಲೆ ಬೊಮ್ಮಾಯಿ. ಸ್ಥಿರತೆ ಇದೇ ಆದರೆ ಅಸ್ಥಿರತೆಗೆ ಅಂಜುವುದೇಕೆ?

ಈಗಿನ ಕ್ಷೇತ್ರಗಳನ್ನು ಉಳಿಸಿಕೊಂಡೇ, ಪಕ್ಷಗಳ ಮತ ಪ್ರಮಾಣಕ್ಕೆ ತಕ್ಕಂತೆ ಹಂಚುವ ಸ್ಥಾನಗಳನ್ನೂ ಸೇರಿಸಿ ಎಂದು ಕಾನೂನು ಆಯೋಗ 1999ರ ತನ್ನ 170ನೇ ವರದಿಯಲ್ಲಿ ಹೇಳಿದೆ. ಅದು ದೆಹಲಿಯ ಕಪಾಟಿನಲ್ಲಿದೆ, ಅಲ್ಲಿಂದ ಇಳಿಯಲು ಸಮಯ ಹಿಡಿಯುತ್ತದೆ. ತಾಲ್ಲೂಕು ಪಂಚಾಯಿತಿ ಚುನಾವಣೆಗೆ ಮಾತ್ರ ದೆಹಲಿ ಬೇಡ, ಸಂವಿಧಾನ ತಿದ್ದುವುದೂ ಬೇಡ; ಬೆಂಗಳೂರಿನ ಒಂದು ಸಹಿ ಸಾಕು. ಮತದಾರನಿಗೆ ಬುದ್ಧಿ ಹೇಳಲು, ಪ್ರಮಾಣವಚನ ಬೋಧಿಸಲು ಮೈಕು ಹಿಡಿದು ಯಾರೇ ನಿಮ್ಮೂರಿಗೆ ಬರಲಿ, ಅಧಿಕಾರಿಯೋ ಶಾಸಕರೋ ಮಂತ್ರಿಗಳೋ, ಮೊದಲು ಒಂದೇ ಪ್ರಶ್ನೆ ಕೇಳಿ: 2021ರಲ್ಲೇ ಆಗಬೇಕಿದ್ದ ಚುನಾವಣೆಯನ್ನು ಅಷ್ಟು ವರ್ಷ ತಡೆದದ್ದು ಯಾರು, ಏಕೆ? ಉತ್ತರ ಬರುವ ತನಕ ಅವರ ಭಾಷಣಕ್ಕೆ ಚಪ್ಪಾಳೆ ತಟ್ಟಬೇಡಿ.